ಚೀನದ ಕಥೆಗಳೂ ನಮ್ಮ ಮಕ್ಕಳೂ

ಕಳೆದ ವರ್ಷ ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರವು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಏಳು ದಿನಗಳ ಕಾಲ ನಡೆಯಿತು. ಬೆಳಿಗ್ಗೆ ಚರಂಡಿ ತೆಗೆಯುವುದು, ಶಾಲೆಯ ಸುತ್ತ ಗುಂಡಿ ತೋಡಿ ಸಸಿ ನೆಡುವುದು, ಮಧ್ಯಾಹ್ನ ಉಪನ್ಯಾಸ, ರಾತ್ರಿ ನಾಟಕ, ಇದು ಕಾರ್ಯಕ್ರಮ. ಗುದ್ದಲಿ ಹಿಡಿದ ಮೊದಲನೆಯ ದಿನವೇ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದದ್ದರಿಂದ ನನ್ನನ್ನು ಆ ಕೆಲಸದಿಂದ ಬಿಡಿಸಿ, ಸಂಜೆ ಒಂದು ಗಂಟೆ ಊರಿನ ಮಕ್ಕಳನ್ನು ಕೂಡಿಸಿಕೊಂಡು ಕಥೆ ಹೇಳುವ ಕೆಲಸಕ್ಕೆ ಹಾಕಿದರು. ಗೆಳತಿಯರು ಇದನ್ನು ಕೇಳಿ ನಕ್ಕರು. ಆದರೆ ಮೂವತ್ತು ಮಕ್ಕಳನ್ನು ಒಂದು ಗಂಟೆ ಕದಲದಂತೆ ಕೂರಿಸುವುದು ಚರಂಡಿ ತೆಗೆಯುವುದಕ್ಕಿಂತ ಸುಲಭವೆಂದು ತಿಳಿದವರು ಒಮ್ಮೆ ಅದನ್ನು ಮಾಡಿ ನೋಡಬೇಕು.

ಮೊದಲೆರಡು ದಿನ ನನಗೆ ತಿಳಿದಿದ್ದ ತೆನಾಲಿ ರಾಮಕೃಷ್ಣ, ಪಂಚತಂತ್ರಗಳಲ್ಲೇ ಮುಗಿದುವು. ಅವೆಲ್ಲ ಮಕ್ಕಳಿಗೆ ಪಾಠದ ಪುಸ್ತಕದಿಂದಲೇ ಗೊತ್ತಿದ್ದುವು. ನಾನು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧವನ್ನು ಅವರೇ ಹೇಳಿ ಮುಗಿಸಿಬಿಡುತ್ತಿದ್ದರು. ಮೂರನೆಯ ದಿನ ಬೇರೆ ದಾರಿ ಕಾಣದೆ ನಾನು ಆಗ ತಾನೇ ಓದಿದ್ದ ಚೀನ ದೇಶದ ಒಂದು ಹಳೆಯ ಕಥೆಯನ್ನು ತೆಗೆದೆ. ಒಂದು ಕಾಲದಲ್ಲಿ ಭೂಮಿಯ ಮೇಲೆ ನದಿಗಳೇ ಇರಲಿಲ್ಲ. ಪೂರ್ವದ ಸಮುದ್ರದಲ್ಲಿ ನಾಲ್ಕು ಡ್ರ್ಯಾಗನ್‌ಗಳಿದ್ದುವು: ಒಂದು ಉದ್ದನೆಯದು, ಒಂದು ಹಳದಿ, ಒಂದು ಕಪ್ಪು, ಒಂದು ಮುತ್ತಿನ ಬಣ್ಣದ್ದು. ಮಳೆಯಿಲ್ಲದೆ ಬೆಳೆಯೆಲ್ಲ ಒಣಗಿ, ಜನ ಹುಲ್ಲಿನ ಬೇರು ತಿನ್ನುವುದನ್ನು ಕಂಡು ಅವು ದೇವಲೋಕದ ಚಕ್ರವರ್ತಿಯ ಬಳಿ ದೂರು ಕೊಟ್ಟುವು. ಅವನು ನಾಳೆ ಮಳೆ ಸುರಿಸುತ್ತೇನೆಂದು ಹೇಳಿ ಕಳುಹಿಸಿ, ಸಂಗೀತ ಕೇಳುತ್ತ ಮರೆತುಬಿಟ್ಟ. ಹತ್ತು ದಿನ ಕಾದು, ಕೊನೆಗೆ ಆ ಡ್ರ್ಯಾಗನ್‌ಗಳೇ ಸಮುದ್ರದ ನೀರನ್ನು ಬಾಯಲ್ಲಿ ತುಂಬಿಕೊಂಡು ಆಕಾಶಕ್ಕೆ ಹಾರಿ ಉಗುಳಿದುವು, ಅದು ಮಳೆಯಾಯಿತು. ಅಪ್ಪಣೆಯಿಲ್ಲದೆ ಮಳೆ ತಂದದ್ದಕ್ಕಾಗಿ ಚಕ್ರವರ್ತಿ ನಾಲ್ಕನ್ನೂ ನಾಲ್ಕು ಬೆಟ್ಟಗಳ ಕೆಳಗೆ ಹೂಳಿಸಿದ. ಅವು ಅಲ್ಲಿಯೇ ನೀರಾಗಿ ಹರಿದುವು. ಚೀನದ ನಾಲ್ಕು ಮಹಾನದಿಗಳು, ಉತ್ತರದ ಹೈಲುಂಗ್‌ಜಿಯಾಂಗ್, ನಡುವಿನ ಹಳದಿ ನದಿ ಮತ್ತು ಯಾಂಗ್‌ಟ್ಸಿ, ದಕ್ಷಿಣದ ಮುತ್ತಿನ ನದಿ, ಆ ನಾಲ್ಕು ಡ್ರ್ಯಾಗನ್‌ಗಳೇ ಎಂದು ಆ ದೇಶದ ಅಜ್ಜಿಯರು ಹೇಳುತ್ತಾರೆ.

ಅಂದು ಯಾರೂ ಕಥೆಯ ಮುಂದೆ ಓಡಲಿಲ್ಲ. ಮುಗಿದ ಮೇಲೆ ಒಬ್ಬ ಹುಡುಗ ಎದ್ದು ನಿಂತು, “ಅಕ್ಕಾ, ಡ್ರ್ಯಾಗನ್ ಬಾಯಾಗೆ ಬೆಂಕಿ ಬರ್ತೈತಲ್ಲ, ನೀರು ಹೆಂಗೆ ಬಂತು?” ಎಂದ. ಅವನ ಡ್ರ್ಯಾಗನ್ ಅಣ್ಣನ ಫೋನಿನಲ್ಲಿ ಕಂಡದ್ದು. ಬೆಂಕಿ ಉಗುಳುವುದು ಯುರೋಪಿನ ಡ್ರ್ಯಾಗನ್, ಚೀನದ್ದು ಮಳೆಯ ಒಡೆಯ, ಎರಡಕ್ಕೂ ಹೆಸರು ಒಂದೇ ಬಂದುಬಿಟ್ಟಿದೆ ಎಂದು ನಾನು ವಿವರಿಸುವಷ್ಟರಲ್ಲಿ ಇನ್ನೊಂದು ಮೂಲೆಯಿಂದ, “ಮತ್ತೆ ನಮ್ಮ ಕಡೆ ಯಾಕೆ ಬರಲಿಲ್ಲ?” ಎಂಬ ಪ್ರಶ್ನೆ ಬಂತು. ಅದಕ್ಕೆ ಉತ್ತರ ನನ್ನಿಂದ ಬರಬೇಕಾಗಲಿಲ್ಲ. ಹಿರಿಯೂರಿನಿಂದ ಅಜ್ಜಿಯ ಮನೆಗೆಂದು ಬಂದಿದ್ದ ಹುಡುಗಿಯೊಬ್ಬಳು, “ಬಂದಿದ್ವಲ್ಲ! ಮಾರಿಕಣಿವೆ ಕೋಡಿ ಬಿದ್ದಾಗ!” ಎಂದು ಬಹಳ ಗತ್ತಿನಿಂದ ಹೇಳಿದಳು. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸಸಾಗರ 1933ರಲ್ಲಿ ತುಂಬಿ ಹರಿದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಆ ನೀರನ್ನು ನೋಡಲು ಜಿಲ್ಲೆಗೆ ಜಿಲ್ಲೆಯೇ ನೆರೆದಿದ್ದಿತು, ನಾನೂ ಹೋಗಿದ್ದೆ. ಅಷ್ಟು ನೀರನ್ನು ಹುಟ್ಟಿದಾಗಿನಿಂದ ಒಂದೇ ಕಡೆ ಕಾಣದ ನಮಗೆ, ಅದು ವೇದಾವತಿಯ ನೀರೆಂದು ಹೇಳುವುದಕ್ಕಿಂತ ಡ್ರ್ಯಾಗನ್ ತಂದದ್ದೆಂದು ಹೇಳುವುದೇ ಹೆಚ್ಚು ನಂಬುವಂತಿದ್ದಿತು.

ಇಷ್ಟಾದ ಮೇಲೆ ಗುಡಿಯ ಜಗುಲಿಯಲ್ಲಿ ಕುಳಿತು ಕೇಳುತ್ತಿದ್ದ ಹಿರಿಯರೊಬ್ಬರು ನನ್ನನ್ನು ಕರೆದರು. ಅವರು ಸೈನ್ಯದಲ್ಲಿದ್ದು ನಿವೃತ್ತರಾಗಿ ಊರಿಗೆ ಬಂದವರು. “ಏನವ್ವಾ, ಕತೆ ಚೆನ್ನಾಗೇ ಹೇಳ್ತೀಯ. ಆದ್ರೆ ನಮ್ಮ ದೇಶದಾಗೆ ಕತೆಗೇನು ಬರ ಬಂದೈತಾ? ಗಡಿಯಾಗೆ ನಮ್ಮ ಹುಡುಗರನ್ನ ಕೊಂದೋರ ಕತೆನಾ ಈ ಮಕ್ಕಳಿಗೆ ಹೇಳಾದು?” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. 2020ರ ಜೂನ್ ತಿಂಗಳಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಮಂದಿ ಯೋಧರು ಸತ್ತರು. ಅದಕ್ಕೆ ಮುಂಚೆ 1962ರ ಯುದ್ಧವಂತೂ ಇದ್ದೇ ಇದೆ. “ತಾತ, ಇದು ಬರೀ ಕತೆ” ಎಂದು ಏನೋ ತೊದಲಿ ನಾನು ಅಲ್ಲಿಂದ ಬಂದುಬಿಟ್ಟೆ. ಆದರೆ ಅದು ಬರೀ ಕಥೆಯಲ್ಲವೆಂದು ಅವರಿಗೂ ಗೊತ್ತಿದ್ದಿತು, ನನಗೂ ಗೊತ್ತಿದ್ದಿತು. ಅಂದು ಹೇಳಲಾಗದ ಉತ್ತರವನ್ನು ಈ ಸಂಚಿಕೆಯಲ್ಲಿ ಹೇಳಲು ಪ್ರಯತ್ನಿಸುತ್ತೇನೆ. ತಪ್ಪಿದ್ದರೆ ಅಧ್ಯಾಪಕರು ತಿದ್ದಲಿ.

ಮೊದಲಿಗೆ ನಮ್ಮ ದುರ್ಗದಿಂದಲೇ ಪ್ರಾರಂಭಿಸೋಣ. ಭಾನುವಾರ ಸಂಜೆ ನಾವೆಲ್ಲ ತಿರುಗಾಡಲು ಹೋಗುವ ಚಂದ್ರವಳ್ಳಿಯಲ್ಲಿ 1929ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆಸಿದರೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಅಲ್ಲಿ ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ಸಿಕ್ಕಿದುವು. ಅದಕ್ಕೂ ಮೊದಲು, 20ನೆಯ ಶತಮಾನದ ಆರಂಭದಲ್ಲಿ, ಅಲ್ಲಿಯೇ ಚೀನ ದೇಶದ ಒಂದು ನಾಣ್ಯ ಸಿಕ್ಕಿದ್ದನ್ನು ಪುರಾತತ್ತ್ವದ ಗ್ರಂಥಗಳಲ್ಲಿ ಕಾಣಬಹುದು. ಅದು ಕ್ರಿ.ಪೂ. 2ನೆಯ ಶತಮಾನದ್ದೆಂದು ಆಗ ನಿರ್ಣಯಿಸಿದರು. ಅಷ್ಟು ಹಳೆಯದಲ್ಲವೆನ್ನುವವರೂ ಇದ್ದಾರೆ. ಆ ವಾದವನ್ನು ಪಂಡಿತರಿಗೆ ಬಿಡುತ್ತೇನೆ. ನನಗೆ ಬೇಕಾದದ್ದು ಇಷ್ಟೇ: ನಾಣ್ಯ ತಾನಾಗಿ ನಡೆದು ಬರುವುದಿಲ್ಲ. ಅದನ್ನು ಯಾರೋ ಸೊಂಟದ ಚೀಲದಲ್ಲಿ ಕಟ್ಟಿಕೊಂಡು ಬಂದಿರಬೇಕು, ಅಥವಾ ಹತ್ತು ಕೈ ದಾಟಿಸಿ ಕಳುಹಿಸಿರಬೇಕು. ನಾಣ್ಯ ಬಂದ ದಾರಿಯಲ್ಲಿ ಕಥೆ ಬಂದಿರಲಾರದೆ? ಕಥೆಗೆ ಚೀಲವೂ ಬೇಡ.

ಇನ್ನು ಆ ಡ್ರ್ಯಾಗನ್ನನ್ನೇ ತೆಗೆದುಕೊಳ್ಳಿ. ಬೌದ್ಧ ಗ್ರಂಥಗಳು ಸಂಸ್ಕೃತದಿಂದ ಚೀನೀ ಭಾಷೆಗೆ ಹೋದಾಗ, ಅವುಗಳಲ್ಲಿ ಬರುವ ‘ನಾಗ’ನಿಗೆ ಅಲ್ಲಿನ ಭಾಷಾಂತರಕಾರರು ‘ಲುಂಗ್’ ಎಂದರೆ ಡ್ರ್ಯಾಗನ್ ಎಂಬ ಶಬ್ದವನ್ನೇ ಇಟ್ಟರು; ‘ನಾಗರಾಜ’ ಡ್ರ್ಯಾಗನ್ ದೊರೆಯಾದ. ಸಮುದ್ರದಡಿಯ ಅರಮನೆಯಲ್ಲಿದ್ದು ಮಳೆಯನ್ನು ಕೊಡುವ, ಕೋಪ ಬಂದರೆ ತಡೆಯುವ ಆ ದೊರೆಯ ರಕ್ತದಲ್ಲಿ ನಮ್ಮ ಕೆರೆ ಏರಿಯ ಅರಳಿಕಟ್ಟೆಯ ನಾಗರಕಲ್ಲಿನ ಪಾಲೂ ಇದೆ. ಹಾಗೆಯೇ ಕೋತಿ ಮತ್ತು ಮೊಸಳೆಯ ಕಥೆ ಬೌದ್ಧರ ಜೊತೆಯಲ್ಲಿ ಅಲ್ಲಿಗೆ ಹೋಗಿ ಮೊಸಳೆಯ ಬದಲು ಆಮೆಯ ಕಥೆಯಾಗಿದೆ. ನಮ್ಮ ಕಥೆಗಳು ಅಲ್ಲಿ ಹೋಗಿ ಉಂಡು ತಿಂದು ಬೆಳೆದಾಗ ಸುಮ್ಮನಿದ್ದ ನಾವು, ಅವುಗಳ ಮಕ್ಕಳು ಮೊಮ್ಮಕ್ಕಳು ಊರು ನೋಡಲು ಬಂದರೆ ಬಾಗಿಲು ಹಾಕಿಕೊಳ್ಳುವುದು ಯಾವ ಬಗೆಯ ಮರ್ಯಾದೆ?

ಹ್ಯೂಯೆನ್ ತ್ಸಾಂಗನ ಹೆಸರನ್ನು ನಾವು ಪರೀಕ್ಷೆಯಲ್ಲಿ ಎಷ್ಟು ಬಾರಿ ಬರೆದಿಲ್ಲ? ಕ್ರಿ.ಶ. 629ರಲ್ಲಿ ಹೊರಟು 645ರಲ್ಲಿ ಹಿಂದಿರುಗಿದ ಆ ಯಾತ್ರಿಕ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು, ಇಲ್ಲಿಯ ಜನ ಉಪಕಾರ ಮಾಡಿದವರನ್ನು ಮರೆಯುವುದಿಲ್ಲ, ಅಪಕಾರ ಮಾಡಿದವರನ್ನು ಬಿಡುವುದಿಲ್ಲ ಎಂಬ ಅರ್ಥದ ಮಾತುಗಳನ್ನು ಬರೆದಿಟ್ಟ. ನಮ್ಮ ಪುಲಕೇಶಿಯ ಪರಾಕ್ರಮಕ್ಕೆ ಚೀನದ ಸಾಕ್ಷಿ ಬೇಕು, ಅದಕ್ಕೆ ಐದು ಅಂಕವೂ ಉಂಟು. ಅದೇ ಸನ್ಯಾಸಿ ತನ್ನ ದೇಶಕ್ಕೆ ಹಿಂದಿರುಗಿದ ಮೇಲೆ ಒಂಬತ್ತು ನೂರು ವರ್ಷಗಳಲ್ಲಿ ಏನಾದನೆಂಬುದು ಮಾತ್ರ ನಮ್ಮ ನೋಟ್ಸಿನಲ್ಲಿಲ್ಲ. ಅವನು ಕಥೆಯಾಗಿಬಿಟ್ಟ! ಊ ಛೆಂಗ್-ಎನ್ ಬರೆದನೆಂದು ಹೇಳುವ, 1592ರಲ್ಲಿ ಅಚ್ಚಾದ ‘ಪಶ್ಚಿಮ ಯಾತ್ರೆ’ಯಲ್ಲಿ ಅವನ ಜೊತೆಗೆ ಕಲ್ಲಿನಿಂದ ಹುಟ್ಟಿದ ಒಂದು ಕಪಿ, ಹೊಟ್ಟೆಬಾಕನಾದ ಒಂದು ಹಂದಿ, ಮರಳಿನ ನದಿಯ ಒಬ್ಬ ರಾಕ್ಷಸ ಮತ್ತು ಕುದುರೆಯಾಗಿ ಮಾರ್ಪಟ್ಟ ಡ್ರ್ಯಾಗನ್ ರಾಜಕುಮಾರ ನಮ್ಮ ದೇಶದ ಕಡೆಗೆ ಹೊರಡುತ್ತಾರೆ. ಆ ಕಪಿ ಮೋಡದ ಮೇಲೆ ನೆಗೆಯುತ್ತಾನೆ, ಮೈಯನ್ನು ಬೆಳೆಸುತ್ತಾನೆ, ಕುಗ್ಗಿಸುತ್ತಾನೆ. ಇವನು ನಮ್ಮ ಹನುಮಂತನ ಕಡೆಯವನೆಂದು ಹೂ ಶೀ ಎಂಬ ಚೀನೀ ವಿದ್ವಾಂಸ 1923ರಲ್ಲೇ ಹೇಳಿದ. ಅಲ್ಲ, ನಮ್ಮದೇ ನೀರಿನ ಕೋತಿಯ ಹಳೆಯ ಕಥೆಯಿಂದ ಬಂದವನೆಂದು ಪ್ರಸಿದ್ಧ ಲೇಖಕ ಲೂ ಷುನ್ ವಾದಿಸಿದ. ಯಾರು ಗೆದ್ದರೂ ನಮ್ಮ ಕೋಟೆಯ ಗೋಡೆಗಳ ಮೇಲೆ ಹನುಮಂತನನ್ನು ನೋಡುತ್ತ ಬೆಳೆದ ಹುಡುಗನಿಗೆ ಆ ಕಪಿರಾಯ ಅಪರಿಚಿತನಾಗಲಾರ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಯೇ ಶಿಯೆನ್ ಎಂಬ ಹುಡುಗಿಯ ಕಥೆ. ಇದನ್ನು 9ನೆಯ ಶತಮಾನದಲ್ಲಿ ತ್ವಾನ್ ಛೆಂಗ್‌ಷಿ ಎಂಬವನು ಬರೆದಿಟ್ಟ. ತಾಯಿಯೂ ತಂದೆಯೂ ಸತ್ತು ಮಲತಾಯಿಯ ಕೈಯಲ್ಲಿ ಸಿಕ್ಕ ಹುಡುಗಿ. ಅವಳು ಸಾಕಿದ ಕೆಂಪು ರೆಕ್ಕೆಯ, ಚಿನ್ನದ ಕಣ್ಣಿನ ಮೀನು. ಮಲತಾಯಿ ಹುಡುಗಿಯ ಹಳೆಯ ಅಂಗಿಯನ್ನು ತಾನು ಹಾಕಿಕೊಂಡು ಹೋಗಿ ಮೀನನ್ನು ಮೋಸದಿಂದ ಕರೆದು, ಕೊಂದು, ತಿಂದು, ಮುಳ್ಳುಗಳನ್ನು ತಿಪ್ಪೆಯಲ್ಲಿ ಹೂಳುತ್ತಾಳೆ. ಆ ಮುಳ್ಳುಗಳನ್ನು ಬಚ್ಚಿಟ್ಟು ಬೇಡಿಕೊಂಡರೆ ಬೇಕಾದದ್ದು ಸಿಗುತ್ತದೆ. ಜಾತ್ರೆಗೆ ಮಿಂಚುಳ್ಳಿಯ ಗರಿಯ ಮೇಲುಡುಗೆ, ಚಿನ್ನದ ಪಾದರಕ್ಷೆ. ಒಂದು ಪಾದರಕ್ಷೆ ಕಳೆದುಹೋಗಿ, ಮಾರಾಟವಾಗಿ, ದ್ವೀಪದ ರಾಜನ ಕೈ ಸೇರುತ್ತದೆ. ಮುಂದಿನದನ್ನು ನೀವೇ ಬಲ್ಲಿರಿ. ಫ್ರಾನ್ಸಿನ ಪೆರೋ ಗಾಜಿನ ಪಾದರಕ್ಷೆಯ ಸಿಂಡ್ರೆಲಾಳನ್ನು ಅಚ್ಚು ಹಾಕಿಸಿದ್ದು 1697ರಲ್ಲಿ. ಚೀನದ ಹುಡುಗಿ ಅವಳಿಗಿಂತ ಎಂಟು ನೂರು ವರ್ಷ ಹಿರಿಯಳು. ನಮ್ಮ ಎ. ಕೆ. ರಾಮಾನುಜನ್ ಅವರು ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ 1950ರ ದಶಕದಲ್ಲಿ ಉತ್ತರ ಕರ್ನಾಟಕದ ಕಡೆ ಕೇಳಿ ಬರೆದುಕೊಂಡ ‘ಹಂಚಿ’ಯ ಕಥೆಯನ್ನು ಕನ್ನಡದ ಸಿಂಡ್ರೆಲಾ ಎಂದು ಹೊರದೇಶದ ವಿದ್ವಾಂಸರು ಓದುತ್ತಾರೆ. ಅದರಲ್ಲಿ ಮೀನೂ ಇಲ್ಲ, ಪಾದರಕ್ಷೆಯೂ ಇಲ್ಲ. ಹೊನ್ನಿನ ಕೂದಲಿನ ಹುಡುಗಿ ಮಣ್ಣಿನ ಹಂಚಿನ ಮುಖವಾಡ ತೊಟ್ಟು, ಗುರುತು ಮರೆಸಿ, ಸಾಹುಕಾರನ ಮನೆಯಲ್ಲಿ ಅಡಿಗೆಯವಳಾಗಿ ಸೇರುತ್ತಾಳೆ. ಅವಳನ್ನು ಕಡೆಯಲ್ಲಿ ಪತ್ತೆ ಮಾಡಿಸುವುದು ಅವಳ ಕೈಯ ಸಿಹಿ ಅಡಿಗೆಯ ರುಚಿ. ಅಲ್ಲಿ ಪಾದದ ಅಳತೆ, ಇಲ್ಲಿ ಕೈಯ ರುಚಿ! ನಾಲ್ಕನೆಯ ದಿನ ಈ ಎರಡನ್ನೂ ಒಂದರ ಹಿಂದೊಂದು ಹೇಳಿದೆ. ಯಾವುದು ಯಾವ ದೇಶದ್ದೆಂದು ಮೊದಲು ಹೇಳಲಿಲ್ಲ. ಹೆಚ್ಚು ಮಕ್ಕಳು ಮೀನಿನ ಕಥೆಯೇ ನಮ್ಮ ಕಡೆಯದೆಂದರು, ಏಕೆಂದರೆ ಅದರಲ್ಲಿ ತಿಪ್ಪೆ ಇತ್ತು.

ಇಷ್ಟು ಹಳೆಯ ಸರಕನ್ನು ಇಟ್ಟುಕೊಂಡು ಇಂದಿನವರು ಏನು ಮಾಡಬಲ್ಲರೆಂಬುದಕ್ಕೆ ಒಂದು ಪುಸ್ತಕವನ್ನು ಹೇಳಬೇಕು. ನಮ್ಮ ಇಂಗ್ಲಿಷ್ ಅಧ್ಯಾಪಕರೊಬ್ಬರು ದಯವಿಟ್ಟು ಓದಲು ಕೊಟ್ಟ ಆ ಕಾದಂಬರಿಯ ಹೆಸರು ‘ವೇರ್ ದ ಮೌಂಟನ್ ಮೀಟ್ಸ್ ದ ಮೂನ್’, ಬರೆದಾಕೆ ಗ್ರೇಸ್ ಲಿನ್, ಪ್ರಕಟವಾದದ್ದು 2009ರಲ್ಲಿ. ಈಕೆ ಅಮೆರಿಕದಲ್ಲಿ ಹುಟ್ಟಿ ಬೆಳೆದವಳು, ತಂದೆತಾಯಿಗಳು ತೈವಾನಿನಿಂದ ಹೋದವರು. ಕಥೆ ಒಂದು ಬೋಳು ಬೆಟ್ಟದ ಕೆಳಗಿನ ಬಡ ಹಳ್ಳಿಯಲ್ಲಿ ಪ್ರಾರಂಭವಾಗುತ್ತದೆ. ಆ ಬೆಟ್ಟಕ್ಕೆ ‘ಫಲವಿಲ್ಲದ ಬೆಟ್ಟ’ವೆಂದೇ ಹೆಸರು; ಅಲ್ಲಿ ಏನೂ ಬೆಳೆಯದು. ಮಿನ್‌ಲಿ ಎಂಬ ಹುಡುಗಿ ಇಡೀ ದಿನ ಅಪ್ಪ ಅಮ್ಮನ ಜೊತೆ ಗದ್ದೆಯ ಕೆಸರಿನಲ್ಲಿ ದುಡಿದು, ರಾತ್ರಿ ಒಂದು ಬಟ್ಟಲು ಅನ್ನ ತಿನ್ನುವಾಗ ಅಪ್ಪ ಹೇಳುವ ಕಥೆಗಳಿಗಾಗಿ ಕಾಯುತ್ತಾಳೆ. ಕಥೆಯಿಂದ ಹೊಟ್ಟೆ ತುಂಬೀತೇ ಎಂದು ಅಮ್ಮ ನಿಟ್ಟುಸಿರುಬಿಡುತ್ತಾಳೆ. ನಮ್ಮ ಭಾಗ್ಯ ಬದಲಾಗುವುದು ಹೇಗೆಂದು ಚಂದ್ರಲೋಕದ ಮುದುಕನನ್ನು ಕೇಳಿಬರುತ್ತೇನೆಂದು ಹುಡುಗಿ ಒಂದು ದಿನ ಮನೆ ಬಿಟ್ಟು ಹೊರಡುತ್ತಾಳೆ. ದಾರಿಯಲ್ಲಿ ಹಾರಲಾರದ ಡ್ರ್ಯಾಗನ್ ಒಂದು ಜೊತೆಯಾಗುತ್ತದೆ. ಎದುರಾದವರೆಲ್ಲ ಒಂದೊಂದು ಕಥೆ ಹೇಳುತ್ತಾರೆ. ಆ ಬಿಡಿ ಕಥೆಗಳೆಲ್ಲ ಕೊನೆಗೆ ಒಂದೇ ಕಥೆಯ ಎಳೆಗಳೆಂದು ತಿಳಿಯುತ್ತದೆ. ಮೇಲೆ ಹೇಳಿದ ನಾಲ್ಕು ನದಿಗಳ ಕಥೆಯೇ ಇಲ್ಲಿ ರೂಪ ಬದಲಿಸಿ, ಕೋಪದಿಂದ ಮಳೆಯನ್ನು ತಡೆದ ತಾಯಿ ಡ್ರ್ಯಾಗನ್, ಜನರ ಸಂಕಟ ನೋಡಲಾರದೆ ನದಿಗಳಾದ ಅವಳ ನಾಲ್ಕು ಮಕ್ಕಳು ಎಂದಾಗಿದೆ. ಕೊನೆಯಲ್ಲಿ ಮುದುಕ ಒಂದೇ ಒಂದು ಪ್ರಶ್ನೆ ಕೇಳಲು ಅಪ್ಪಣೆ ಕೊಟ್ಟಾಗ, ಮಿನ್‌ಲಿ ತನ್ನ ಪ್ರಶ್ನೆಯನ್ನು ಬಿಟ್ಟು ಡ್ರ್ಯಾಗನ್ನಿನ ಪ್ರಶ್ನೆಯನ್ನು ಕೇಳುತ್ತಾಳೆ. ಈ ಪುಟವನ್ನು ಓದಿದಾಗ ರಾತ್ರಿ ಹನ್ನೊಂದು ಗಂಟೆ; ಹಾಸ್ಟೆಲಿನಲ್ಲಿ ದೀಪ ಆರಿಸುವ ಹೊತ್ತು ಮೀರಿದ್ದಿತು. ಆದರೆ ನನಗೆ ಅದಕ್ಕಿಂತಲೂ ಹಿಡಿಸಿದ್ದು ಮನೆಯಲ್ಲಿ ಉಳಿದ ಅಮ್ಮನ ಭಾಗ. ಮಗಳು ಹೋದ ಮೇಲೆ ಗೊಣಗುವುದನ್ನು ಬಿಟ್ಟು ಮೌನವಾದ ಆಕೆ ಒಂದು ರಾತ್ರಿ ತಾನೇ ಒಂದು ಕಥೆ ಹೇಳುತ್ತಾಳೆ. ಕಥೆ ಬೇಡವೆನ್ನುತ್ತಿದ್ದ ನಮ್ಮ ಹಳ್ಳಿಯ ಎಷ್ಟೋ ತಾಯಂದಿರ ಮುಖ ಆಗ ಕಣ್ಣಮುಂದೆ ಬಂದುವು.

ಗ್ರೇಸ್ ಲಿನ್ ಎಳೆತನದಲ್ಲಿ ತನ್ನ ಹಿರಿಯರ ಕಥೆಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲವಂತೆ. ಅವಳ ತಾಯಿ ಏನೂ ಹೇಳದೆ ಚೀನೀ ಜನಪದ ಕಥೆಗಳ ಕೆಲವು ಇಂಗ್ಲಿಷ್ ಪುಸ್ತಕಗಳನ್ನು ಕಪಾಟಿನಲ್ಲಿಟ್ಟಳು. ಅವು ಬಹಳ ಸಪ್ಪೆಯಾದ ಪುಸ್ತಕಗಳು. ಆದರೂ ಓದಿದಳು, ಇಲ್ಲದ ಬಣ್ಣವನ್ನು ತಾನೇ ತುಂಬಿಕೊಂಡಳು. ತಾಯಿಯ ಭಾಷೆ ತಪ್ಪಿದ ಮಗುವಿಗೆ ಸಪ್ಪೆ ಪುಸ್ತಕವೂ ಇಷ್ಟು ಮಾಡಿತೆಂದರೆ, ಭಾಷೆ ಇನ್ನೂ ಬಾಯಲ್ಲಿರುವ ನಮ್ಮ ಮಕ್ಕಳ ಗತಿ ಹೇಗಿರಬೇಕಾಗಿತ್ತು!

ಹೇಗಿದೆ ಎಂಬುದನ್ನು ಹೇಳುತ್ತೇನೆ. ನಮ್ಮ ತಂದೆಯವರ ಬಳಿ ‘ಚಂದಮಾಮ’ದ ಹಳೆಯ ಸಂಚಿಕೆಗಳ ಒಂದು ಕಟ್ಟಿದೆ. ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಕೊಂಡು, ಊರು ಸೇರುವಷ್ಟರಲ್ಲಿ ಓದಿ ಮುಗಿಸುತ್ತಿದ್ದರಂತೆ. 1947ರಲ್ಲಿ ತೆಲುಗು, ತಮಿಳುಗಳಲ್ಲಿ ಹುಟ್ಟಿ 1949ರಲ್ಲಿ ಕನ್ನಡಕ್ಕೆ ಬಂದ ಆ ಪತ್ರಿಕೆ ತಿಂಗಳಿಗೊಮ್ಮೆ ದೇಶದೇಶದ ರಾಕ್ಷಸರನ್ನೂ ರಾಜಕುಮಾರಿಯರನ್ನೂ ಹಳ್ಳಿಯ ಜಗುಲಿಗೆ ತರುತ್ತಿತ್ತು. 2013ರ ಹೊತ್ತಿಗೆ ಅದು ನಿಂತುಹೋಯಿತು. ಅನುಪಮಾ ನಿರಂಜನ ಅವರು ವರ್ಷದ ದಿನಕ್ಕೊಂದರಂತೆ ಕೊಟ್ಟ ಕಥೆಗಳ ಸಂಪುಟಗಳು ಶಾಲೆಯ ಬೀರುವಿನಲ್ಲಿವೆ, ಬೀರುವಿಗೆ ಬೀಗವಿದೆ. (ನಾನು ನೋಡಿದ ಒಂದು ಶಾಲೆಯ ಮಾತು, ಎಲ್ಲ ಶಾಲೆಗಳ ಮೇಲೂ ಹೊರಿಸುತ್ತಿಲ್ಲ.) ಆದರೆ ಡ್ರ್ಯಾಗನ್‌ಗಳು ಬೀಗಕ್ಕೆ ಅಂಜಿ ನಿಂತಿಲ್ಲ. 1998ರ ‘ಮುಲಾನ್’, 2008ರ ‘ಕುಂಗ್ ಫು ಪಾಂಡಾ’ ಚಿತ್ರಗಳು, ಅವುಗಳ ಹಿಂದೆ ಬಂದ ನೂರಾರು ತುಣುಕುಗಳು ಫೋನಿನಲ್ಲಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಓಡುತ್ತಿವೆ. ಭಾಷೆ ತಿಳಿಯದೆಯೇ ಮಕ್ಕಳು ನೋಡುತ್ತಾರೆ. ಆದ್ದರಿಂದ ಚೀನದ ಕಥೆ ನಮ್ಮ ಮಕ್ಕಳಿಗೆ ಬರಬೇಕೆ, ಬೇಡವೆ ಎಂಬ ಪ್ರಶ್ನೆಯೇ ಈಗ ಉಳಿದಿಲ್ಲ. ಅದು ಬಂದಾಗಿದೆ. ಕನ್ನಡದಲ್ಲಿ, ಒಬ್ಬರ ಬಾಯಿಂದ, ನಿಲ್ಲಿಸಿ ಪ್ರಶ್ನೆ ಕೇಳಲು ಆಗುವಂತೆ ಬರಬೇಕೋ, ಅಥವಾ ಮೂಕಚಿತ್ರದಂತೆ ಕಣ್ಣ ಮುಂದೆ ಹಾದುಹೋಗಬೇಕೋ ಎಂಬುದೊಂದೇ ಉಳಿದಿರುವ ಪ್ರಶ್ನೆ. ನಾನು ಮೊದಲನೆಯ ಪಕ್ಷದವಳು.

ಹಾಗಾದರೆ ಕನ್ನಡಕ್ಕೆ ತರುವ ಬಗೆ ಹೇಗೆ? ಕುವೆಂಪು ಅವರು ಬ್ರೌನಿಂಗನ ಹ್ಯಾಮೆಲಿನ್ ಪಟ್ಟಣವನ್ನು ತುಂಗಾ ತೀರಕ್ಕೆ ತಂದು ಬೊಮ್ಮನಹಳ್ಳಿ ಮಾಡಿಬಿಟ್ಟರು. ಕಿಂದರಿಜೋಗಿ ಜರ್ಮನಿಯವನೆಂದು ಹೇಳಿದರೆ ನಂಬದ ಮಕ್ಕಳನ್ನು ನಾನು ಕಂಡಿದ್ದೇನೆ. ಅಂಥ ಶಕ್ತಿಯಿದ್ದವರು ಹಾಗೆ ಮಾಡಲಿ. ನಮ್ಮಂಥವರು ಹೆಸರುಗಳನ್ನು ಬದಲಿಸದಿರುವುದೇ ಕ್ಷೇಮವೆಂದು ನನಗೆ ತೋರುತ್ತದೆ. ಶಿಬಿರದಲ್ಲಿ ನಾನು ಮೊದಲು ದೇವಲೋಕದ ಚಕ್ರವರ್ತಿಯನ್ನು ‘ದೇವೇಂದ್ರ’ ಎಂದುಬಿಟ್ಟೆ. ಕೂಡಲೇ ಒಬ್ಬ ಹುಡುಗ, ಹಾಗಾದರೆ ಐರಾವತ ಎಲ್ಲಿ ಎಂದು ಕೇಳಿದ. ತಪ್ಪು ನನ್ನದೇ. ಮಿನ್‌ಲಿಯನ್ನು ಮೀನಾಕ್ಷಿ ಮಾಡಿದರೆ ಅವಳು ನಮ್ಮವಳಾಗುವುದಿಲ್ಲ, ಚೀನದವಳೂ ಆಗಿ ಉಳಿಯುವುದಿಲ್ಲ. ಹೆಸರು ಪರಕೀಯವಾಗಿದ್ದು ಹಸಿವು ಮಾತ್ರ ತಮ್ಮದೇ ಎಂದು ಮಕ್ಕಳು ತಾವಾಗಿ ಕಂಡುಕೊಳ್ಳುವಾಗ ಅವರ ಮುಖದಲ್ಲಿ ಒಂದು ಬೆಳಕು ಬರುತ್ತದೆ. ಅದನ್ನು ನಾವು ಮೊದಲೇ ಕಸಿದುಕೊಳ್ಳಬಾರದು. ಇನ್ನೊಂದು ಮಾತು. ಕಥೆಯ ಕೊನೆಗೆ ‘ನೀತಿ’ ಎಂದು ದಪ್ಪಕ್ಷರದಲ್ಲಿ ಹಾಕುವ ಪದ್ಧತಿಯನ್ನು ಯಾರಾದರೂ ನಿಲ್ಲಿಸುವುದಾದರೆ ಅವರಿಗೆ ನಾನು ಒಂದು ಹಾರ ತರುತ್ತೇನೆ.

ಸೈನ್ಯದಲ್ಲಿದ್ದ ತಾತನ ಮಾತಿನ ಮೊದಲ ಭಾಗಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ನಮ್ಮ ದೇಶದಲ್ಲಿ ಕಥೆಗೆ ಬರವೇ? ಇಲ್ಲ. ಈ ಕೋಟೆಯ ಮೇಲೆ ಹಿಡಿಂಬೇಶ್ವರನ ಗುಡಿಯಲ್ಲಿ ರಾಕ್ಷಸ ಹಿಡಿಂಬನ ಹಲ್ಲೆಂದು ತೋರಿಸುವ ದೊಡ್ಡ ಮೂಳೆಯಿದೆ, ಭೀಮನ ಭೇರಿಯಿದೆ. ಹೊಳಲ್ಕೆರೆಯ ಬಯಲು ಗಣಪತಿಯ ಬೆನ್ನ ಮೇಲೆ ಜಡೆಯಿದೆ. ಗಣಪತಿಗೆ ಜಡೆಯೇಕೆಂದು ಕೇಳದ ಮಗುವಿಲ್ಲ. ಹಿರಿಯೂರಿನ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆ ಊದುತ್ತ ಜುಂಜಪ್ಪನ ಕಥೆಯನ್ನು ಹಾಡುವವರು ಇದ್ದಾರೆ. ಮಳೆ ತಡವಾದರೆ ಮಣ್ಣಿನ ಮಳೆರಾಯನನ್ನು ಮಣೆಯ ಮೇಲಿಟ್ಟು ಹೊತ್ತು, ಮನೆಮನೆಯ ಮುಂದೆ ನೀರು ಹೊಯ್ಸಿಕೊಳ್ಳುವ ಹುಡುಗರಿದ್ದರು. ನಮ್ಮ ಊರಿನಲ್ಲಿ ನಾನು ಕಡೆಯ ಬಾರಿ ನೋಡಿದ್ದು ನಾಲ್ಕನೆಯ ತರಗತಿಯಲ್ಲಿದ್ದಾಗ. ಸರಕು ಇಷ್ಟಿದೆ. ಇದನ್ನೆಲ್ಲ ಒಂದು ಮಗುವಿನ ಪ್ರಯಾಣದ ದಾರದಲ್ಲಿ ಪೋಣಿಸಿ, ಬೋಳು ಬೆಟ್ಟದ ಕೆಳಗಿನ ಹುಡುಗಿಯೊಬ್ಬಳು ಮಳೆರಾಯನನ್ನು ಹುಡುಕಿಕೊಂಡು ಹಿಡಿಂಬನ ಹಲ್ಲಿನ ಹತ್ತಿರ ದಾರಿ ಕೇಳಿ, ಜುಂಜಪ್ಪನ ಹಟ್ಟಿಯಲ್ಲಿ ರಾತ್ರಿ ತಂಗಿ, ಮಾರಿಕಣಿವೆಗೆ ಇಳಿಯುವ ದೀರ್ಘ ಕಥೆಯೊಂದನ್ನು ನಾನು ಇದುವರೆಗೆ ಓದಿಲ್ಲ. ಕನ್ನಡದಲ್ಲಿ ಮಕ್ಕಳಿಗಾಗಿ ಒಳ್ಳೆಯ ಕಾದಂಬರಿಗಳಿಲ್ಲವೆಂದಲ್ಲ, ನಾ. ಡಿಸೋಜಾ ಅವರ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ ಅಕಾಡೆಮಿಯ ಬಾಲ ಪುರಸ್ಕಾರ ಪಡೆಯಿತು. ಅದು ಕಣ್ಣೆದುರಿನ ಬದುಕಿನ ಕಥೆ. ಅದ್ಭುತದ ದಾರಿಯಲ್ಲಿ ಮಾತ್ರ ನಾವು ಅಜ್ಜಿಕಥೆಯನ್ನು ಎರಡು ಪುಟಕ್ಕೆ ಇಳಿಸಿ, ಚಿತ್ರ ಹಾಕಿ, ಸಾಕೆಂದುಕೊಂಡಿದ್ದೇವೆ.

ನಾನೂ ಈ ತಪ್ಪಿನಿಂದ ಹೊರತಲ್ಲ. ಹೊಸದುರ್ಗದ ಕಡೆಯಿಂದ ಬಂದ ನಮ್ಮ ಅಜ್ಜಿಗೆ ಏಳು ರಾತ್ರಿ ಹೇಳುವ ಒಂದು ಕಥೆ ಗೊತ್ತಿತ್ತು. ನಾನು ಪಿ.ಯು.ಸಿ. ಓದುತ್ತಿದ್ದಾಗ, ಪರೀಕ್ಷೆ ಮುಗಿಯಲಿ, ರಜೆಯಲ್ಲಿ ಬರೆದುಕೊಳ್ಳುತ್ತೇನೆಂದು ಹೇಳಿದ್ದೆ. ಪರೀಕ್ಷೆ ಮುಗಿಯಿತು, ಅಜ್ಜಿಯೂ ತೀರಿಕೊಂಡರು. ನನ್ನ ಬಳಿ ಮೂರನೆಯ ರಾತ್ರಿಯವರೆಗೆ ಮಾತ್ರ ಇದೆ. ಏಳು ಕಡಲಿನಾಚೆಯ ಹಾವಿನ ದೊರೆ ಆ ಹುಡುಗಿಗೆ ಏನು ಕೊಟ್ಟನೆಂದು ಈಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಚೀನದ ಡ್ರ್ಯಾಗನ್ ದೊರೆಯ ಕಥೆಗಳನ್ನು ಓದುವಾಗಲೆಲ್ಲ, ಇಲ್ಲಿಯಾದರೂ ಸಿಕ್ಕೀತೇ ಎಂದು ನಾನು ಹುಡುಕುತ್ತಿರುತ್ತೇನೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಪರದೇಶದ ಕಥೆ ನಮ್ಮ ಕಥೆಯನ್ನು ಓಡಿಸಿಬಿಡುತ್ತದೆಂದು ಹೇಳುವವರಿಗೆ ನನ್ನ ಅನುಭವ ಇದಕ್ಕೆ ವಿರುದ್ಧವಾಗಿದೆ. ಮಿನ್‌ಲಿಯ ಅಪ್ಪ ಹೇಳುವ ಕಥೆಗಳನ್ನು ಓದದಿದ್ದರೆ ಅಜ್ಜಿಯ ಆ ಮೂರು ರಾತ್ರಿಗಳನ್ನು ನಾನು ಬರೆದಿಡುತ್ತಲೂ ಇರಲಿಲ್ಲ.

ಶಿಬಿರದ ಕಡೆಯ ಸಂಜೆ ಆ ತಾತ ಮತ್ತೆ ಬಂದರು. ನನ್ನ ವಾದವನ್ನೆಲ್ಲ ಅವರಿಗೆ ಒಪ್ಪಿಸಬೇಕೆಂದು ಸಿದ್ಧಳಾಗಿದ್ದೆ. ಅವರು ಅವಕಾಶ ಕೊಡಲಿಲ್ಲ. ಮಕ್ಕಳ ಮುಂದೆ ಕುಳಿತು, ತಾವು ನೌಕರಿಯಲ್ಲಿದ್ದಾಗ ಅರುಣಾಚಲದ ತವಾಂಗಿನ ಬೌದ್ಧ ಮಠದಲ್ಲಿ ಕಂಡ ಬಣ್ಣದ ಡ್ರ್ಯಾಗನ್‌ಗಳನ್ನು ವರ್ಣಿಸಿದರು. “ಉಗುರು ನೋಡಿದ್ರೆ ಹದ್ದಿನ ಉಗುರು, ಮೈ ನೋಡಿದ್ರೆ ಮೀನಿನ ಪೊರೆ, ಮೀಸೆ ನೋಡಿದ್ರೆ ನಮ್ಮ ಗೌಡರ ಮೀಸೆ” ಎಂದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಚೀನದ ವಿಚಾರದಲ್ಲಿ ಅವರ ಅಭಿಪ್ರಾಯ ಬದಲಾಯಿತೆಂದು ನಾನು ಹೇಳಲಾರೆ. ಎದ್ದು ಹೋಗುವಾಗ, “ಅವು ನಮ್ಮ ಕಡೆ ಬೆಟ್ಟದಾಗೆ ಇದ್ದವು ಕಣವ್ವ, ಅದನ್ನೂ ಹೇಳು” ಎಂದರು.

ಈಗ ನನ್ನ ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ತಂದ ನಾಲ್ಕು ಚೀನೀ ಕಥೆಗಳೂ, ಅಜ್ಜಿಯ ಮೂರು ರಾತ್ರಿಗಳೂ, ಶಿಬಿರದ ಮಕ್ಕಳು ಬರೆದುಕೊಟ್ಟ ಹನ್ನೊಂದು ಪುಟಗಳೂ ಇವೆ. ಹಿರಿಯೂರಿನ ಆ ಹುಡುಗಿ, ಕೋಡಿಯ ನೀರಿನಲ್ಲಿ ಕಪ್ಪು ಡ್ರ್ಯಾಗನ್ನಿನ ಬಾಲವನ್ನು ತಾನು ಕಂಡೆನೆಂದು ಬರೆದಿದ್ದಾಳೆ. ಗಣೆ ಊದುವವರ ಮನೆಯಿಂದ ಬಂದ ಸಹಪಾಠಿಗಳು ಯಾರಾದರೂ ನಮ್ಮಲ್ಲಿದ್ದರೆ, ಅಥವಾ ಮನೆಯಲ್ಲಿ ಕಥೆ ಹೇಳುವ ಹಿರಿಯರಿದ್ದರೆ, ಬೇಸಿಗೆಯ ರಜೆಗೆ ಮುಂಚೆ ನನ್ನನ್ನು ಕಾಣಬೇಕಾಗಿ ಕೋರುತ್ತೇನೆ. ಮಧ್ಯಾಹ್ನ ಎರಡರ ಮೇಲೆ ಗ್ರಂಥಾಲಯದ ಕಿಟಕಿಯ ಪಕ್ಕದ ಮೇಜಿನಲ್ಲಿರುತ್ತೇನೆ. ಹಾವಿನ ದೊರೆಯ ಕಥೆ ನಾಲ್ಕನೆಯ ರಾತ್ರಿಯಿಂದ ಮುಂದೆ ಗೊತ್ತಿರುವವರು ಎರಡು ಗಂಟೆಯವರೆಗೆ ಕಾಯಬೇಕಾಗಿಲ್ಲ, ತರಗತಿಯಿಂದಲೇ ಕರೆಯಬಹುದು.